ಐದನೆಯವನು ನಮ್ಮೂರವನು

ಬೀದರಿನ ನಮ್ಮ ಓಣಿಯ ತುದಿಗೆ ಕಟಿಂಗ್ ಅಂಗಡಿ ಇಟ್ಟುಕೊಂಡಿರುವಾತ ನನ್ನ ಹಳೆಯ ಶಿಷ್ಯ. ಒಂಬತ್ತನೇ ತರಗತಿಯ ಗಣಿತದಲ್ಲಿ ಅವನಿಗೆ 100ಕ್ಕೆ 12 ಅಂಕ ಕೊಟ್ಟಿದ್ದೆ. ಅವನು ಬರೆದದ್ದು 9ಕ್ಕೆ, ಉಳಿದ 3 ನನ್ನ ದಾಕ್ಷಿಣ್ಯ. ಆ ಮೂರು ಅಂಕದ ಧೈರ್ಯದ ಮೇಲೆಯೇ ಕಳೆದ 20 ವರ್ಷಗಳಿಂದ ಅವನ ಕುರ್ಚಿಯಲ್ಲಿ ಕುತ್ತಿಗೆ ಒಡ್ಡಿ ಕೂರುತ್ತಿದ್ದೇನೆ. ಈಗಂತೂ ನನ್ನ ತಲೆಯ ಮೇಲೆ ಅವನಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ನಡುವೆ ಪೂರ್ತಿ ಬಯಲು, ಕಿವಿಗಳ ಹಿಂದೆ ಹೊಲದ ಬದುವಿನಂತೆ ಒಂದಿಷ್ಟು ಉಳಿದಿದೆ. ಆದರೂ ಕತ್ತರಿಯನ್ನು ಗಾಳಿಯಲ್ಲಿ ಆಡಿಸುತ್ತ ಪೂರಾ ಒಂದು ಸುತ್ತು ಹಾಕುತ್ತಾನೆ. ಗುರುಭಕ್ತಿ ಎಂದರೆ ಇದು.

ಮೊಹಾಲಿಯಲ್ಲಿ ನೌಕರಿ ಮಾಡುವ ಮಗನ ಹತ್ತಿರ ಹೊರಟಿದ್ದೇವೆ ಎಂದಾಗ ಅವನ ಕತ್ತರಿ ನಿಂತಿತು.

"ಸರ, ಆನಂದಪುರಕ್ಕ ಹೋಗಿ ಬರ್ರಿ. ನಮ್ಮೋನ ಒಬ್ಬ ಅದಾನ ಅಲ್ಲಿ."

"ಯಾರಪಾ? ನಿಮ್ಮ ಬೀಗರೇನು?"

"ಬೀಗರಲ್ರಿ. ಸಾಹಿಬ್ ಚಂದ. ಅಂವಾ ನಮ್ಮ ಕಸುಬಿನವನ, ನಮ್ಮೂರಾಂವನ. ಹೋಗಿ 300 ವರ್ಷ ಆತು. ತಲಿ ಕೊಡ್ತೀನಂತ ಎದ್ದು ನಿಂತಾಂವ್ರಿ."

ಗೊತ್ತಿಲ್ಲದ ಕಥೆಯೇನಲ್ಲ. ಬೀದರಿನಲ್ಲಿ ಹುಟ್ಟಿ ನಾನಕ ಝೀರಾದ ನೀರು ಕುಡಿಯದವರಿಲ್ಲ. ಗುರು ನಾನಕರು ಬಂದು, ಬಂಡೆಯ ಬುಡದಿಂದ ಸಿಹಿನೀರಿನ ಝರಿ ಹರಿಸಿದರೆಂಬುದು ನಂಬಿಕೆ. ನಾನು ಚಿಕ್ಕವನಿದ್ದಾಗ ಅವ್ವ ತಿಂಗಳಿಗೊಮ್ಮೆ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಅವಳಿಗೆ ನೀರಿನ ಮೇಲೆ ಭಕ್ತಿ, ನನಗೆ ಲಂಗರಿನ, ಅಂದರೆ ಗುರುದ್ವಾರದ ಪುಕ್ಕಟೆ ಊಟದ ಮೇಲೆ. ಆದರೆ ನಮ್ಮೂರಿನ ಕ್ಷೌರಿಕನೊಬ್ಬ ಪಂಜಾಬಿನ ಬೆಟ್ಟದ ಬುಡದ ಊರಿಗೆ ಹೋಗಿ ಒಂದು ಪಂಥದ ಮೊದಲ ಐವರಲ್ಲಿ ಒಬ್ಬನಾದ ಎಂಬುದು, ಪಠ್ಯದ ಕೊನೆಯ ಪಾಠದ ಹಾಗೆ, ಇದ್ದೂ ಓದದೆ ಉಳಿದುಹೋಗಿತ್ತು.

ನಮ್ಮದು ರಾಜ್ಯದ ತುತ್ತತುದಿಯ ಜಿಲ್ಲೆ. ಭಾಷಣಗಳಲ್ಲಿ ನಮ್ಮನ್ನು ಕರ್ನಾಟಕದ ಕಿರೀಟ ಎನ್ನುತ್ತಾರೆ. ಕಿರೀಟದ ಕಷ್ಟವೇನೆಂದರೆ ಇಟ್ಟುಕೊಂಡವನಿಗೇ ಅದು ಕಾಣುವುದಿಲ್ಲ. ಬೆಂಗಳೂರಿನ ಮದುವೆಯೊಂದರಲ್ಲಿ ಬೀದರಿನವನು ಎಂದದ್ದಕ್ಕೆ, ಪಕ್ಕದ ಎಲೆಯವರು ಹೋಳಿಗೆ ಬಾಯಲ್ಲಿಟ್ಟುಕೊಂಡೇ "ಅಲ್ಲಿ ಕನ್ನಡ ಮಾತಾಡ್ತಾರಾ?" ಎಂದು ಕೇಳಿದ್ದರು. ನಾನು ಕನ್ನಡದಲ್ಲೇ "ಇಲ್ಲ" ಎಂದೆ.

ಡಿಸೆಂಬರಿನ ಒಂದು ಬೆಳಗ್ಗೆ ಚಂಡೀಗಢದಲ್ಲಿ ಬಸ್ಸು ಹತ್ತಿದೆವು. ಮಗ ಕಾರಿನಲ್ಲಿ ಬಿಡುತ್ತೇನೆ ಎಂದಿದ್ದ. ಅಷ್ಟರಲ್ಲಿ ಅವನ ಲ್ಯಾಪ್‌ಟಾಪು ಅವನನ್ನು ಕರೆಯಿತು. ಖರಡ್, ಕುರಾಲಿ, ರೋಪಡ್ ಎಂದು ಕಂಡಕ್ಟರು ಕೂಗಿದ್ದಷ್ಟೇ, ಊರು ಯಾವುದೂ ಕಾಣಲಿಲ್ಲ. ಕಿಟಕಿಯಾಚೆ ಹಾಲಿನ ಕೆನೆಯಂಥ ಮಂಜು. ನನ್ನ ಹೆಂಡತಿ ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ಅದರೊಳಗೆ ಬೀದರಿನಿಂದಲೇ ಕಟ್ಟಿ ತಂದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಊರು ಊರಿಗೆ ಪುಕ್ಕಟೆ ಊಟ ಹಾಕುವ ನಾಡಿಗೆ ಬುತ್ತಿ ಕಟ್ಟಿಕೊಂಡು ಹೋಗುವವರು ನಾವೇ ಇರಬೇಕು.

ನಾನು ಮಂಕಿ ಕ್ಯಾಪಿನೊಳಗೆ ಕೂತು ಓದಿಕೊಂಡು ಬಂದದ್ದನ್ನು ಅವಳಿಗೆ ಪಾಠ ಮಾಡುತ್ತಿದ್ದೆ. ಒಂಬತ್ತನೆಯ ಗುರು ತೇಗ್ ಬಹಾದುರರು 1665ರಲ್ಲಿ ಮಾಖೋವಾಲ್ ಎಂಬ ದಿಬ್ಬದ ಜಾಗವನ್ನು ಬಿಲಾಸಪುರದ ರಾಣಿಯಿಂದ ದುಡ್ಡು ಕೊಟ್ಟು ಕೊಂಡು ಊರು ಕಟ್ಟಿಸಿದ್ದು, ಅದಕ್ಕೆ ತಮ್ಮ ತಾಯಿ ನಾನಕಿಯ ಹೆಸರಿನಿಂದ ಚಕ್ ನಾನಕಿ ಎಂದು ಹೆಸರಿಟ್ಟಿದ್ದು, ಅದೇ ಮುಂದೆ ಆನಂದಪುರವಾದದ್ದು. 1675ರಲ್ಲಿ ಕಾಶ್ಮೀರದ ಪಂಡಿತರು ಇಲ್ಲಿಗೇ ಬಂದು ಔರಂಗಜೇಬನ ಕಾಟ ತೋಡಿಕೊಂಡಿದ್ದು, ಅವರ ಪರ ದಿಲ್ಲಿಗೆ ಹೋದ ಗುರುಗಳ ತಲೆಯನ್ನು ಚಾಂದನಿ ಚೌಕದಲ್ಲಿ ಕಡಿದದ್ದು, ಭಾಯಿ ಜೈತಾ ಎಂಬಾತ ಆ ತಲೆಯನ್ನು ಮರೆಮಾಚಿ ಇದೇ ದಾರಿಯಲ್ಲಿ ಆನಂದಪುರಕ್ಕೆ ಹೊತ್ತು ತಂದದ್ದು. ತಂದೆಯ ತಲೆಯನ್ನು ಬರಮಾಡಿಕೊಂಡ ಹುಡುಗ ಗೋವಿಂದನಿಗೆ ಆಗ ಸುಮಾರು ಒಂಬತ್ತು ವರ್ಷ.

"ಮಗ ಅವ್ವನ ಹೆಸರು ಊರಿಗಿಟ್ಟ" ಎಂದಳು ಅವಳು. ಉಳಿದ ಪಾಠ ಅವಳ ಕಿವಿಗೆ ಬಿತ್ತೋ ಇಲ್ಲವೋ. "ನಮ್ಮಂವ ಗಾಡಿ ನಂಬರಿಗೂ ಇಡಲಿಲ್ಲ."

ಕೇಶಗಢ ಸಾಹಿಬ್ ಊರ ನಡುವಿನ ದಿಬ್ಬದ ಮೇಲಿದೆ. ಬೆಳ್ಳಗಿನ ಗುಮ್ಮಟ, ಅದರ ಹಿಂದೆ ಮಂಜಿನಲ್ಲಿ ಶಿವಾಲಿಕ ಬೆಟ್ಟಗಳ ಅಂದಾಜು. ಸಿಖ್ಖರ ಐದು ತಖ್ತುಗಳಲ್ಲಿ, ಅಂದರೆ ಧರ್ಮಪೀಠಗಳಲ್ಲಿ, ಇದೂ ಒಂದು. ಕೆಳಗೆ ಜೋಡಾ ಘರ್, ಅಂದರೆ ಪಾದರಕ್ಷೆ ಕಾಯುವ ಮನೆ. ಗಟ್ಟಿ ಮೈಕಟ್ಟಿನ, ಬೆಳ್ಳನೆ ಗಡ್ಡದ, ಕೈಗೆ ಬೆಲೆಬಾಳುವ ವಾಚು ಕಟ್ಟಿದ ಸರದಾರರೊಬ್ಬರು ನನ್ನ ಧೂಳು ತುಂಬಿದ ಬೂಟುಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡರು, ಪ್ರಸಾದ ಇಸಿದುಕೊಳ್ಳುವ ಹಾಗೆ. 33 ವರ್ಷ ಮಾಸ್ತರಿಕೆ ಮಾಡಿದ ಈ ಕಾಲುಗಳಿಗೆ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿ ನೋಡುತ್ತಿತ್ತು, ಅದನ್ನು ಇನ್ನೊಂದು ಪಾದದ ಕೆಳಗೆ ಅಡಗಿಸಿದೆ.

"ಎಲ್ಲಿಂದ ಬಂದಿರಿ?" ಹಿಂದಿಯಲ್ಲಿ ಕೇಳಿದರು.

"ಕರ್ನಾಟಕದಿಂದ. ಬೀದರ್ ಅಂತ..." ಎಂದು, ಹೈದರಾಬಾದಿನ ಹತ್ತಿರ ಎಂಬ ನನ್ನ ಮಾಮೂಲಿ ಬಾಲವನ್ನು ಜೋಡಿಸುವಷ್ಟರಲ್ಲಿ ಅವರ ಕಣ್ಣು ದೊಡ್ಡದಾದವು.

"ಬಿದರ್! ಭಾಯಿ ಸಾಹಿಬ್ ಸಿಂಗ್‌ಜಿಯವರ ಬಿದರ್! ನಾನಕ್ ಝೀರಾ!" ನಮ್ಮ ಸಾಹಿಬ್ ಚಂದ ಇಲ್ಲಿ ಸಾಹಿಬ್ ಸಿಂಗ್. ಬೂಟು ಹಿಡಿದ ಕೈಯನ್ನೇ ಎದೆಗೊತ್ತಿಕೊಂಡರು. ಒಳಗಿದ್ದ ಇನ್ನಿಬ್ಬರನ್ನು ಕೂಗಿ ಕರೆದರು. ನಾಂದೇಡದ ಹಜೂರ್ ಸಾಹಿಬಿಗೆ ಹೋದಾಗ ಬೀದರಿಗೂ ಬಂದಿದ್ದರಂತೆ, ಝರಿಯ ನೀರನ್ನು ಬಾಟಲಿಯಲ್ಲಿ ತಂದಿದ್ದರಂತೆ. "ಎಂಥ ಪುಣ್ಯದ ಊರಿನವರು ನೀವು" ಎಂದರು. ಎರಡು ಸಾವಿರ ಕಿಲೋಮೀಟರಿನ ಆಸುಪಾಸು ದೂರ ಬಂದ ಮೇಲೆ, ನನ್ನೂರು ಎಲ್ಲಿದೆ ಎಂದು ನಾನು ವಿವರಿಸಬೇಕಾಗದ ಜಾಗ ಸಿಕ್ಕಿತ್ತು. ಖುಷಿಯೇನೋ ಆಯಿತು. ಜೊತೆಗೆ ಇನ್ನೊಂದು ನೆನಪೂ ಬಂದು ಗಂಟಲಲ್ಲಿ ಕೂತಿತು. ಟೋಕನ್ನಿನ ನಂಬರು ಓದುವ ನೆಪದಲ್ಲಿ ತಲೆ ತಗ್ಗಿಸಿದೆ.

ಮುಂದಿನ ಸೇವಾದಾರ ಹುಡುಗ ನನ್ನ ಮಂಕಿ ಕ್ಯಾಪನ್ನು ನಯವಾಗಿಯೇ ತೆಗೆಸಿದ. ಟೋಪಿ ನಡೆಯದು, ಬಟ್ಟೆ ಕಟ್ಟಬೇಕು. ಕೇಸರಿ ರುಮಾಲು ಕಟ್ಟಿಕೊಂಡೆ. ಕೂದಲಿನ ಆಸರೆಯಿಲ್ಲದ ತಲೆಯ ಮೇಲೆ ರುಮಾಲು ನಿಲ್ಲುವುದೇ ಒಂದು ಪವಾಡ. ನಾಲ್ಕು ಮೆಟ್ಟಿಲಿಗೊಮ್ಮೆ ಜಾರಿ ಹುಬ್ಬಿನ ಮೇಲೆ ಬರುತ್ತಿತ್ತು. ಮೆಟ್ಟಿಲ ಬುಡದಲ್ಲಿ ಕಾಲು ತೊಳೆಯಲು ಹರಿಯುವ ನೀರು. ಆ ಚಳಿಯಲ್ಲಿ ಅದರೊಳಗೆ ಪಾದ ಇಟ್ಟಾಗ, ಯಾವ ಧರ್ಮದವನ ಬಾಯಲ್ಲೂ ದೇವರ ಹೆಸರು ತಾನಾಗಿಯೇ ಬರುತ್ತದೆ.

ಇಲ್ಲಿಯೇ, ಈ ದಿಬ್ಬದ ಮೇಲೆಯೇ, 1699ರ ವೈಶಾಖಿಯ ದಿನ ಗುರು ಗೋವಿಂದ ಸಿಂಗರು ಕತ್ತಿ ಹಿರಿದು, ಒಂದು ತಲೆ ಬೇಕು, ಯಾರು ಕೊಡುತ್ತೀರಿ ಎಂದು ಕೇಳಿದ್ದು.

ಆ ಮೌನ ನನಗೆ ಗೊತ್ತು. ಕತ್ತಿಯ ಜಾಗದಲ್ಲಿ ಸೀಮೆಸುಣ್ಣ ಹಿಡಿದು 33 ವರ್ಷ ಅದನ್ನು ಎದುರಿಸಿದ್ದೇನೆ. ಬೋರ್ಡಿಗೆ ಯಾರು ಬರುತ್ತೀರಿ ಎಂದರೆ ಸಾಕು, ಅರವತ್ತು ತಲೆಗಳು ಒಮ್ಮೆಗೇ ಪೆನ್ನಿನ ಮುಚ್ಚಳ ಹುಡುಕತೊಡಗುತ್ತವೆ. ಕಿಟಕಿಯಾಚೆ ಕಾಗೆ ಕೂಗುವುದೂ ಕೇಳಿಸುತ್ತದೆ. ಆನಂದಪುರದಲ್ಲಿ ಅಂದು ಸಾವಿರಾರು ಜನರಿದ್ದರು. ಲಾಹೋರಿನ ಅಂಗಡಿಕಾರ ದಯಾ ರಾಮ ಎದ್ದ. ಗುರುಗಳು ಅವನನ್ನು ಡೇರೆಯೊಳಗೆ ಕರೆದೊಯ್ದರು, ರಕ್ತ ಸೋರುವ ಕತ್ತಿಯೊಂದಿಗೆ ಒಬ್ಬರೇ ಹೊರಬಂದು ಇನ್ನೊಂದು ತಲೆ ಕೇಳಿದರು. ಬೋರ್ಡಿಗೆ ಹೋದ ಮೊದಲನೆಯವನಿಗೆ ಏಟು ಬಿದ್ದದ್ದು ಕಂಡ ಮೇಲೂ ಎರಡನೆಯವನು ಎದ್ದದ್ದನ್ನು ನಾನಂತೂ ನೋಡಿಲ್ಲ. ಅಲ್ಲಿ ಎದ್ದ. ಹಸ್ತಿನಾಪುರದ ರೈತ ಧರಮ್ ದಾಸ. ಆಮೇಲೆ ಪುರಿಯಿಂದ ಬಂದ, ನೀರು ಹೊರುವ ಹಿಮ್ಮತ್ ರಾಯ. ದ್ವಾರಕೆಯ ಸಿಂಪಿಗ ಮೋಹಕಮ್ ಚಂದ. ಐದನೆಯವನು ನಮ್ಮೂರವನು.

ಡೇರೆಯ ಪರದೆ ಸರಿದಾಗ ಐವರೂ ಹೊಸ ಬಟ್ಟೆ ತೊಟ್ಟು ನಿಂತಿದ್ದರು. ಕಬ್ಬಿಣದ ಬಟ್ಟಲಿನ ನೀರನ್ನು ಎರಡಲಗಿನ ಖಡ್ಗದಿಂದ ಕಲಕುವಾಗ ಗುರುಪತ್ನಿ ಅದಕ್ಕೆ ಬತ್ತಾಸು ಹಾಕಿದರು. ಆ ಅಮೃತವನ್ನು ಐವರಿಗೂ ಕುಡಿಸಿ, ಆಮೇಲೆ ಗುರುಗಳೇ ಮಂಡಿಯೂರಿ ಅವರ ಕೈಯಿಂದ ಕುಡಿದರು. ಮಾಸ್ತರನೊಬ್ಬ ವಿದ್ಯಾರ್ಥಿಗಳ ಮುಂದೆ ಕೈಕಟ್ಟಿ ನಿಂತು, ಈಗ ನನಗೆ ನೀವು ಕಲಿಸಿ ಎನ್ನುವುದನ್ನು ಊಹಿಸಿಕೊಂಡೆ. ನಮ್ಮ ಸ್ಟಾಫ್ ರೂಮಿನಲ್ಲಿ ಇಂಥದ್ದನ್ನು ಸೂಚಿಸಿದ್ದರೆ ಅಂದೇ ಮೀಟಿಂಗು ಬರ್ಖಾಸ್ತು.

ಐವರಲ್ಲಿ ಒಬ್ಬನೂ ಮುಂದಿನ ಬೆಂಚಿನವನಲ್ಲ. ನಮ್ಮೂರವನ ಪಾಡಂತೂ ತಮಾಷೆ. ಕೂದಲು ಕತ್ತರಿಸಿ ಬದುಕುವವನು ಅಷ್ಟು ದೂರ ನಡೆದು ಬಂದು ಎದ್ದು ನಿಂತದ್ದು ಕೇಶಗಢದ ಮೇಲೆ, ಹೆಸರಿನಲ್ಲೇ ಕೇಶ. ಸೇರಿದ್ದು ಒಂದು ಕೂದಲನ್ನೂ ಕತ್ತರಿಸಬಾರದೆಂಬ ಖಾಲ್ಸಾ ಪಂಥಕ್ಕೆ. ಬೀದರಿನಿಂದ ತಂದ ಕತ್ತರಿಯನ್ನು ಅವನು ಏನು ಮಾಡಿದನೋ! ಮುಂದೆ ಬಂದೂಕು ಹಿಡಿದು ಒಳ್ಳೆಯ ಗುರಿಕಾರನೆನಿಸಿಕೊಂಡ ಎನ್ನುತ್ತಾರೆ. ಕಿವಿಗೆ ತಾಗದಂತೆ ಕತ್ತಿ ಆಡಿಸಿದ ಕೈ, ಗುರಿ ತಪ್ಪುವುದು ಹೇಗೆ?

ಒಳಗೆ ಹಳೆಯ ಆಯುಧಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ನಾಗಿನಿ ಬರ್ಛಾ ಎಂಬ, ಹಾವಿನಂತೆ ಬಾಗಿದ ಈಟಿಯೊಂದಿದೆ. ಬೆಟ್ಟದ ರಾಜರು ಇಲ್ಲಿಯ ಲೋಹಗಢ ಕೋಟೆಯ ಬಾಗಿಲು ಮುರಿಯಲು ಆನೆಯೊಂದಕ್ಕೆ ಹೆಂಡ ಕುಡಿಸಿ ನುಗ್ಗಿಸಿದಾಗ, ಬಚಿತ್ತರ್ ಸಿಂಗನು ಇದರಿಂದ ಅದರ ಹಣೆಗೆ ತಿವಿದನಂತೆ. ಆನೆ ತಿರುಗಿ ತನ್ನವರನ್ನೇ ತುಳಿಯಿತು. ಆದರೆ ಆ ಆನೆಯೆದುರು ಮೊದಲು ಹೋಗಬೇಕಾಗಿದ್ದವನು ದುನಿ ಚಂದನೆಂಬ ದೊಡ್ಡ ಮೈಯವನು. ಐನೂರು ಜನರನ್ನು ಕಟ್ಟಿಕೊಂಡು ಬಂದಿದ್ದ ಮುಂದಾಳು. ನಮ್ಮ ಆನೆ ಇವನೇ ಎಂಬ ಮಾತು ಕಿವಿಗೆ ಬಿದ್ದದ್ದೇ ರಾತ್ರೋರಾತ್ರಿ ಕೋಟೆಗೋಡೆ ಇಳಿಯಲು ಹೋಗಿ ಬಿದ್ದು ಕಾಲು ಮುರಿದುಕೊಂಡ. ಮನೆ ಸೇರಿ ಹಾಸಿಗೆ ಹಿಡಿದವನನ್ನು ಅಲ್ಲಿಯೇ ಹಾವು ಕಚ್ಚಿತೆಂದು ಕಥೆ ಮುಗಿಯುತ್ತದೆ. ಎಲ್ಲರೂ ಈ ಕಥೆ ಹೇಳಿ ನಗುತ್ತಾರೆ. ನಾನೂ ನಕ್ಕೆ, ಅರ್ಧ.

1988ರ ಸೆಪ್ಟೆಂಬರಿನಲ್ಲಿ ನಮ್ಮ ಪುಣ್ಯದ ಊರಿನಲ್ಲಿ, ಕಲಿಯಲೆಂದು ಬಂದಿದ್ದ ಸಿಖ್ ಹುಡುಗರ ಮೇಲೆ ದಾಳಿಗಳಾದವು. ಕೆಲವರು ಸತ್ತರು. ನಾನಾಗ ಹೊಸದಾಗಿ ನೌಕರಿ ಹಿಡಿದ ಮಾಸ್ತರ. ಬೀದಿಯಲ್ಲಿ ಓಡುವ ಕಾಲುಗಳ ಸದ್ದು ಕೇಳಿ ಬಾಗಿಲಿಗೆ ಅಗಳಿ ಹಾಕಿ, ದೀಪ ಆರಿಸಿ ಕೂತಿದ್ದೆ. ದುನಿ ಚಂದನ ಕಾಲು ಮುರಿಯಿತು, ನನ್ನದು ಮುರಿಯಲಿಲ್ಲ. ಕೆಳಗೆ ನನ್ನ ಬೂಟು ಕಾಯುತ್ತಿದ್ದ ಹಿರಿಯರಿಗೆ ಇದನ್ನು ಹೇಳಬೇಕೆನಿಸಿತು. ಹೇಳಲಿಲ್ಲ.

ಲಂಗರಿನ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತವನು ನಿಹಂಗ, ಸಿಖ್ಖರ ಯೋಧಪಂಗಡದವನು. ನೀಲಿ ನಿಲುವಂಗಿ, ಗೋಪುರದಂಥ ಪಗಡಿ, ಅದರ ಸುತ್ತ ಉಕ್ಕಿನ ಬಳೆಗಳು. ಬಡಿಸುವವನು ಎಷ್ಟು ಜನ ಎಂದದ್ದಕ್ಕೆ "ಸವಾ ಲಾಖ್" ಎಂದ. ಸುತ್ತ ನೋಡಿದೆ, ಅವನೊಬ್ಬನೇ. ನಿಹಂಗರ ಮಾತೇ ಹಾಗೆ. ಒಬ್ಬ ಸಿಖ್ ಬಂದರೆ ಒಂದೂಕಾಲು ಲಕ್ಷ ಬಂದಂತೆ. ಮುತ್ತಿಗೆಯಲ್ಲಿ ಹಸಿದ ದಿನಗಳಲ್ಲೂ ಹುಮ್ಮಸ್ಸು ಕುಗ್ಗಬಾರದೆಂದು ಕಟ್ಟಿಕೊಂಡ ಭಾಷೆ ಅದು. ಕಡಲೆಗೆ ಬಾದಾಮಿ ಎನ್ನುತ್ತಾರೆ, ಈರುಳ್ಳಿಗೆ ಬೆಳ್ಳಿ, ಮೆಣಸಿನಕಾಯಿಗೆ ಜಗಳಗಂಟಿ. ಕಿವುಡನಿದ್ದರೆ, ಅವನು ಅಟ್ಟ ಹತ್ತಿದ್ದಾನೆ ಎನ್ನುತ್ತಾರೆ. ನನಗೆ ಬಹಳ ಹಿಡಿಸಿತು. ಪಿಂಚಣಿ ತಡವಾದ ತಿಂಗಳು ನಮ್ಮ ಮನೆಯಲ್ಲೂ ಶೇಂಗಾ ಬಾದಾಮಿಯಾಗುತ್ತದೆ. ನಾನಂತೂ ಹೆಂಡತಿ ಸಂತೆಗೆ ಕಳಿಸುವ ಹೊತ್ತಿಗೆ ಸರಿಯಾಗಿ ಅಟ್ಟ ಹತ್ತುತ್ತೇನೆ.

"ಪ್ರಶಾದಾ ಜೀ" ಎನ್ನುತ್ತ ರೊಟ್ಟಿ ಬಂತು. ಎರಡೂ ಕೈ ಚಾಚಿ ಇಸಿದುಕೊಳ್ಳಬೇಕು. ಒಂದೇ ಕೈ ಮುಂದೆ ಮಾಡಿದ ನನ್ನನ್ನು ನಿಹಂಗ ಕಣ್ಣಿನಲ್ಲೇ ತಿದ್ದಿದ. ಆಚೆ ಬದಿಯಲ್ಲಿ ನನ್ನ ಹೆಂಡತಿ ಗಂಟು ಬಿಚ್ಚಿ, ಸಂಕೋಚಪಡುತ್ತಲೇ ಒಂದು ಕಟಕ ರೊಟ್ಟಿಯನ್ನು ಪಕ್ಕದ ಅಜ್ಜಿಗೆ ಕೊಟ್ಟಳು. ಅಜ್ಜಿ ಮುರಿದಾಗ ಹಪ್ಪಳದಂತೆ ಲಟ್ಟೆಂದಿತು. ಎಷ್ಟು ದಿನದ್ದು ಎಂದು ಸನ್ನೆಯಲ್ಲಿ ಕೇಳಿದಳು. ಇವಳು ಬೆರಳೆಣಿಸಿ ಒಂಬತ್ತು ತೋರಿಸಿದಳು. ಅಜ್ಜಿ ಅದನ್ನು ದಾಲಿನಲ್ಲಿ ಅದ್ದಿ, ಇದ್ದ ನಾಲ್ಕು ಹಲ್ಲಿನಲ್ಲಿ ಮರ್ಯಾದೆಯಿಂದ ಅಗಿದಳು.

ಹೊರಗೆ ಬಿಸಿಲು ಬಂದಿತ್ತು. ಮೆಟ್ಟಿಲ ಮೇಲೆ ಕೂತಾಗ ಹೇಳಿದೆ, ಸಾಹಿಬ್ ಚಂದನ ಅವ್ವನ ಹೆಸರು ಅಂಕಮ್ಮ ಎಂದು. ಅಪ್ಪ ಗುರು ನಾರಾಯಣ.

ಹೆಂಡತಿ ನನ್ನತ್ತ ತಿರುಗಿದಳು. "ಅಂಕಮ್ಮ?"

"ಹೌದು."

ಗುರುಗಳು, ಕತ್ತಿ, ಅಮೃತ ಯಾವುದಕ್ಕೂ ಅಲುಗದವಳು ಈ ಹೆಸರಿಗೆ ಅಲುಗಿದಳು. ಬೀದರಿನ ಯಾವ ಓಣಿಯಲ್ಲೂ ಇರಬಹುದಾದ ಹೆಸರು. ಬಾವಿಕಟ್ಟೆಯ ಮೇಲೆ ಕೊಡ ಇಟ್ಟು ಮಾತಾಡುವ ಹೆಸರು. ಬಹಳ ಹೊತ್ತಾದ ಮೇಲೆ ಕೇಳಿದಳು.

"ಅಕಿ ದಾರಿಗೆ ಏನ್ ಕಟ್ಟಿ ಕೊಟ್ಟಿದ್ಲೋ. ರೊಟ್ಟಿ ಎಷ್ಟ ದಿನ ಬಂದಾವು?"

ನನಗೆ ತಿಳಿದ ಗಣಿತದಲ್ಲಿ ಇದಕ್ಕೆ ಉತ್ತರವಿಲ್ಲ. ಅಷ್ಟರಲ್ಲಿ ಅವಳ ಫೋನು ಬಾರಿಸಿತು. ಮಗ. ಊಟ ಆಯ್ತಾ, ಚಳಿ ಇದೆಯಾ, ಟೋಪಿ ತೆಗೆಯಬೇಡಿ ಎಂದ. ಅವಳು "ನೀ ಉಂಡ್ಯಾ?" ಎಂದು ಮೂರು ಸಲ ಕೇಳಿದಳು.

ಮಧ್ಯಾಹ್ನ ಆನಂದಗಢ ಕೋಟೆಯ ಬಾವಿಯನ್ನು ಇಣುಕಿ ನೋಡಿದೆವು. ಮೋಶೆ ಸಾಫ್ಡಿ ಎಂಬ ವಾಸ್ತುಶಿಲ್ಪಿ ರೂಪಿಸಿದ, 2011ರಲ್ಲಿ ತೆರೆದ ವಿರಾಸತ್-ಎ-ಖಾಲ್ಸಾ ವಸ್ತುಸಂಗ್ರಹಾಲಯವನ್ನೂ ನೋಡಿದೆವು. ಭವ್ಯವಾಗಿದೆ, ಕಾಲು ನೋಯುತ್ತದೆ. ಹೋಳಿಯ ಮರುದಿನ ಇಲ್ಲಿ ನಡೆಯುವ ಹೋಲಾ ಮೊಹಲ್ಲಾಕ್ಕೆ ಬರಬೇಕು, ನಿಹಂಗರ ಕುದುರೆ ಸವಾರಿ ನೋಡಬೇಕು ಎಂದು ಅಂಗಡಿಯವನೊಬ್ಬ ನಮಗೆ ಬುದ್ಧಿ ಹೇಳಿದ. ಜಾತ್ರೆಯಿಲ್ಲದ ದಿನವೇ ನನಗೆ ಸರಿ. ಜಾತ್ರೆಯ ಊರನ್ನು ಖಾಲಿಯಿದ್ದಾಗ ನೋಡಿದರೆ ಅದು ನಮ್ಮ ಹತ್ತಿರ ನಾಲ್ಕು ಮಾತಾಡುತ್ತದೆ.

ಮತ್ತೆ, ಇದು ಊರು ಬಿಟ್ಟ ತಿಂಗಳು. 1704ರ ಡಿಸೆಂಬರಿನಲ್ಲಿ, ಕೆಲವರ ಲೆಕ್ಕದಲ್ಲಿ 1705ರಲ್ಲಿ, ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಗುರುಗಳು ಆನಂದಪುರ ಬಿಟ್ಟರು. ಬಿಟ್ಟು ಹೋದರೆ ಮುಟ್ಟುವುದಿಲ್ಲ ಎಂದು ಆಣೆಯಿಟ್ಟಿದ್ದ ಸೈನ್ಯ ಬೆನ್ನಟ್ಟಿತು. ತುಂಬಿ ಹರಿಯುತ್ತಿದ್ದ ಸರಸಾ ಹೊಳೆ ದಾಟುವಾಗ ಮನೆಯವರು ಒಬ್ಬೊಬ್ಬರು ಒಂದೊಂದು ದಿಕ್ಕಿಗಾದರು. ಚಮಕೌರಿನ ಮಣ್ಣಿನ ಗಢಿಯಲ್ಲಿ ಗುರುಗಳ ಇಬ್ಬರು ಹಿರಿಯ ಮಕ್ಕಳು ಸತ್ತರು. ಅಂಕಮ್ಮನ ಮಗನೂ ಅಲ್ಲಿಯೇ. ಅಂದು ಕೊಡುತ್ತೇನೆಂದು ಎದ್ದು ನಿಂತ ತಲೆಯನ್ನು ಐದಾರು ವರ್ಷಕ್ಕೆ ಕೊಟ್ಟ. ಬೀದರಿಗೆ ಸುದ್ದಿ ಯಾವಾಗ ಮುಟ್ಟಿತೋ, ಯಾರು ಹೇಳಿದರೋ.

ಮುತ್ತಿಗೆ ತಾಳಲಾರದೆ, ನೀನು ನಮ್ಮ ಗುರುವಲ್ಲ ಎಂದು ಬರೆದುಕೊಟ್ಟು ಇಲ್ಲಿಂದ ಎದ್ದು ಹೋದವರೂ ಇದ್ದರು, ನಲವತ್ತು ಜನ. ನನ್ನ ಪೈಕಿಯವರು. ಮಾಯಿ ಭಾಗೋ ಎಂಬ ಹೆಣ್ಣುಮಗಳು ಅವರನ್ನು ಛೀಮಾರಿ ಹಾಕಿ ಹಿಂದಕ್ಕೆ ಕರೆತಂದಳು. ಈಗಿನ ಮುಕ್ತಸರದ ಕೆರೆಯ ಬಳಿ ಆ ನಲವತ್ತೂ ಜನ ಹೋರಾಡಿ ಸತ್ತರು, ಗುರುಗಳು ಆ ಕಾಗದ ಹರಿದು ಹಾಕಿದರು. ಗಾಯಗೊಂಡು ಬದುಕಿದವಳು ಅವಳು. ಗುರುಗಳೊಡನೆ ನಾಂದೇಡಕ್ಕೆ ಬಂದಳು. 1708ರಲ್ಲಿ ಅವರು ಅಲ್ಲಿ ಕಾಲವಾದ ಮೇಲೆ ಇನ್ನೂ ದಕ್ಷಿಣಕ್ಕೆ ನಡೆದು ನಮ್ಮ ಬೀದರಿನ ಪಕ್ಕದ ಜನವಾಡಕ್ಕೆ ಬಂದು, ಅಲ್ಲಿಯೇ ಮುದುಕಿಯಾಗಿ ಸತ್ತಳು.

ಜನವಾಡ ನಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರು. ಹುಡುಗನಾಗಿದ್ದಾಗ ಸೈಕಲ್ಲಿನಲ್ಲಿ ಹೋಗಿ ಪೇರಲಹಣ್ಣು ಕದ್ದಿದ್ದೇನೆ. ನಮ್ಮವನನ್ನು ಇವರಿಗೆ ಕೊಟ್ಟೆವು, ಇವರ ಮಗಳು ನಮ್ಮಲ್ಲಿಗೆ ಬಂದು ಮಣ್ಣಾದಳು. ಜನವಾಡದ ಹೆಂಗಸರು ಆ ಎತ್ತರದ ಮುದುಕಿಗೆ ರೊಟ್ಟಿ ಬಡಿಯಲು ಕಲಿಸಿರಬಹುದೇ?

"ಕಲಿಸಿರ್ತಾರ ತಗೋರಿ" ಎಂದಳು ಹೆಂಡತಿ, ಸ್ವಲ್ಪವೂ ಅನುಮಾನವಿಲ್ಲದೆ.

ಹೊರಡುವಾಗ ಕೇಶಗಢದ ಕೆಳಗಿನ ಅಂಗಡಿಯಲ್ಲಿ ಮರದ ಒಂದು ಕಂಘಾ ಕೊಂಡೆ. ಖಾಲ್ಸಾದವರು ಸದಾ ಧರಿಸುವ ಐದು ಕಕಾರಗಳಲ್ಲಿ ಒಂದಾದ ಪುಟ್ಟ ಬಾಚಣಿಗೆ. ಅಂಗಡಿಯವನು ನನ್ನ ತಲೆಯನ್ನೂ ಬಾಚಣಿಗೆಯನ್ನೂ ನೋಡಿ, ಏನೂ ಕೇಳದೆ ಕಾಗದದಲ್ಲಿ ಸುತ್ತಿಕೊಟ್ಟ. ಜೋಡಾ ಘರ್‌ನಲ್ಲಿ ನನ್ನ ಬೂಟುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಒರೆಸಿಟ್ಟ ಹಿರಿಯರ ಪಾಳಿ ಮುಗಿದಿತ್ತು, ಮನೆಗೆ ಹೋಗಿದ್ದರು.

ಬೀದರಿಗೆ ಬಂದ ಮಾರನೆಯ ಬೆಳಗ್ಗೆಯೇ ಶಿಷ್ಯನ ಅಂಗಡಿಗೆ ಹೋದೆ. ಕಾಗದ ಬಿಚ್ಚಿ ಬಾಚಣಿಗೆಯನ್ನು ಅಂಗೈ ಮೇಲೆ ಇಟ್ಟುಕೊಂಡ. ಮೂಸಿದ. ಹಲ್ಲುಗಳ ಮೇಲೆ ಹೆಬ್ಬೆರಳು ಎಳೆದು ಸದ್ದು ಕೇಳಿದ.

"ನೋಡಿದ್ರ್ಯಾ ಸರ, ನಮ್ಮಾಂವನ್ನ?"

"ನೋಡಿದೆ. ಐದನೇ ನಂಬರು."

"ನೂರಕ್ಕ ನೂರು ಬಿಡ್ರಿ ಅಂವಾ" ಎಂದು ನಕ್ಕ. ಕನ್ನಡಿಯ ಮುಂದೆ ಗಾಜಿನ ಲೋಟದಲ್ಲಿ ಪ್ಲಾಸ್ಟಿಕ್ಕಿನ ಬಾಚಣಿಗೆಗಳು ನಿಂತಿದ್ದವು. ಇದನ್ನು ಅವುಗಳ ಜೊತೆ ಇಡಲಿಲ್ಲ. ಮೇಲೆ, ಬಸವಣ್ಣ ಮತ್ತು ಹಡಪದ ಅಪ್ಪಣ್ಣನವರ ಪಟಗಳ ನಡುವೆ ಒರಗಿಸಿದ.

ನಾನು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದೆ. ಅವನು ಬಟ್ಟೆ ಹೊದಿಸಿದ, ಕತ್ತರಿ ಎತ್ತಿಕೊಂಡ, ಒಮ್ಮೆ ಪಟದ ಕಡೆ ನೋಡಿದ, ಮತ್ತೆ ಕೆಳಗಿಟ್ಟ.

"ಇವತ್ತ ಬ್ಯಾಡ್ರಿ ಸರ. ನಾಳಿ ಬರ್ರಿ."

"ನಾಳೆ ಮಂಗಳವಾರ. ನಿನ್ನ ಅಂಗಡಿ ಬಂದ್ ಅಲ್ಲೇನೋ?"

ಬಟ್ಟೆ ಝಾಡಿಸಿ ಮಡಚುತ್ತ, "ಹಂಗಾರ ಬುಧವಾರ" ಎಂದ.